ಹೊಸ ಫೋನಿನ ಮೊದಲ ಹದಿನೈದು ದಿನ

ಹೊಸ ಸ್ಮಾರ್ಟ್‌ಫೋನ್ ಕೈಗೆ ಬಂದಾಗ ಮೊದಲು ಗಮನ ಸೆಳೆಯುವುದು ಅದರ ಪರದೆ, ತೂಕ ಮತ್ತು ಕ್ಯಾಮೆರಾ. ಆದರೆ ಫೋನು ನಿಜವಾಗಿ ಬದಲಾಯಿತು ಎನ್ನಬೇಕಾದರೆ ಹಳೆಯದರಲ್ಲಿದ್ದ ನಂಬರು, ಹಣದ ವ್ಯವಹಾರ, ದಾಖಲೆ, ಫೋಟೊ, ಚಾಟ್ ಮತ್ತು ಭಾಷೆ ಎಲ್ಲವೂ ಹೊಸದರಲ್ಲಿ ಬಂದು ನೆಲೆಯಾಗಬೇಕು. ಹದಿನೈದು ವರ್ಷಗಳ ಹಿಂದೆ ಸಿಮ್ ಕಾರ್ಡ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗ ಬ್ಯಾಂಕು, ಗುರುತಿನ ಚೀಟಿ, ಬಸ್ಸು ಮೆಟ್ರೊ ಟಿಕೆಟ್, ವಾಹನದ ಆರ್‌ಸಿ, ಮಕ್ಕಳ ಶಾಲೆಯ ಗುಂಪು ಎಲ್ಲವೂ ಫೋನಿನೊಳಗಿವೆ. ಆದ್ದರಿಂದ ಮೊದಲ ದಿನದ ಮೆಚ್ಚುಗೆಯನ್ನೇ ತೀರ್ಪು ಎಂದುಕೊಳ್ಳುವಂತಿಲ್ಲ. ಹೊಸ ಫೋನು ಹೇಗಿದೆ ಎಂದು ತಿಳಿಯಲು ಹದಿನೈದು ದಿನವಾದರೂ ಬೇಕು.

ಈ ಮಾತು ಹೈದರಾಬಾದಿನ ಕನ್ನಡಿಗರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕಾಚಿಗುಡದ ಸುತ್ತಮುತ್ತ ತಲೆಮಾರುಗಳಿಂದ ನೆಲೆಸಿದ ಕುಟುಂಬಗಳಿವೆ. ಐಟಿ ಕೆಲಸಕ್ಕೆಂದು ಬಂದು ಗಚ್ಚಿಬೌಲಿ, ಮಾದಾಪುರ, ಕೊಂಡಾಪುರಗಳಲ್ಲಿ ಮನೆ ಮಾಡಿದ ಹೊಸಬರೂ ಇದ್ದಾರೆ. ಇವರ ಫೋನಿನಲ್ಲಿ ಮನೆಯವರೊಂದಿಗೆ ಕನ್ನಡ, ನೆರೆಯವರೊಂದಿಗೆ ತೆಲುಗು, ಪೇಟೆಯಲ್ಲಿ ದಖನಿ, ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಸಿಮ್ ಕೆಲವರಲ್ಲಿ ಕರ್ನಾಟಕದ್ದೇ ಉಳಿದಿರುತ್ತದೆ. ಬ್ಯಾಂಕ್ ಖಾತೆ ಊರಿನ ಶಾಖೆಯಲ್ಲಿರುತ್ತದೆ. ಫೋನು ಬದಲಾದಾಗ ಇವೆಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ.

ಪೇಟೆ ಮತ್ತು ಖರೀದಿ

ಹೈದರಾಬಾದಿನಲ್ಲಿ ಮೊಬೈಲ್ ವ್ಯಾಪಾರಕ್ಕೆ ಹಳೆಯ ಹೆಸರು ಆಬಿಡ್ಸ್‌ನ ಜಗದೀಶ್ ಮಾರ್ಕೆಟ್. ಕವರ್, ಟೆಂಪರ್ಡ್ ಗ್ಲಾಸ್, ಚಾರ್ಜರ್, ಬಿಡಿಭಾಗ, ರಿಪೇರಿ, ಸೆಕೆಂಡ್ ಹ್ಯಾಂಡ್ ಫೋನು ಎಲ್ಲವೂ ಅಲ್ಲಿನ ಇಕ್ಕಟ್ಟಾದ ಅಂಗಡಿ ಸಾಲುಗಳಲ್ಲಿ ಸಿಗುತ್ತವೆ. ಹತ್ತಿರದಲ್ಲೇ ಇರುವ ಕೋಠಿಯ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಇನ್ನೊಂದು ಪೇಟೆ. ಇವುಗಳ ಜೊತೆಗೆ ಊರಿನ ತುಂಬ ಮೊಬೈಲ್ ಮಳಿಗೆಗಳ ಸರಣಿಗಳಿವೆ. ಫೋನ್ ಉದ್ಯಮಕ್ಕೂ ಈ ನಗರಕ್ಕೂ ನಂಟು ಹಳೆಯದು. 2009ರಲ್ಲಿ ಆರಂಭವಾದ ಸೆಲ್‌ಕಾನ್ ಹೈದರಾಬಾದಿನದೇ ಬ್ರ್ಯಾಂಡ್. ಒನ್‌ಪ್ಲಸ್ 2019ರಲ್ಲಿ ಇಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ತೆರೆಯಿತು. ಒಪ್ಪೊ ಕಂಪನಿಯ ಸಂಶೋಧನಾ ಕೇಂದ್ರವೂ ಇಲ್ಲಿದೆ.

ಎಲ್ಲಿ ಕೊಂಡರೂ ಅಂಗಡಿಯಲ್ಲೇ ಮಾಡಿ ಮುಗಿಸಬೇಕಾದ ಒಂದು ಪರೀಕ್ಷೆ ಇದೆ. ಪ್ರತಿ ಫೋನಿಗೂ ಐಎಂಇಐ ಎಂಬ 15 ಅಂಕೆಗಳ ಗುರುತಿನ ಸಂಖ್ಯೆ ಇರುತ್ತದೆ. ಎರಡು ಸಿಮ್ ಹಿಡಿಸುವ ಫೋನಿಗೆ ಇಂಥ ಎರಡು ಸಂಖ್ಯೆಗಳು. ಡಯಲ್ ಪ್ಯಾಡಿನಲ್ಲಿ *#06# ಒತ್ತಿದರೆ ಅವು ಪರದೆಯ ಮೇಲೆ ಬರುತ್ತವೆ. ಪರದೆಯ ಮೇಲಿನ ಸಂಖ್ಯೆ, ಬಾಕ್ಸ್ ಮೇಲೆ ಅಂಟಿಸಿದ ಚೀಟಿಯ ಸಂಖ್ಯೆ ಮತ್ತು ಬಿಲ್ಲಿನಲ್ಲಿ ಬರೆದ ಸಂಖ್ಯೆ ಮೂರೂ ಒಂದೇ ಆಗಿರಬೇಕು. ಸೆಕೆಂಡ್ ಹ್ಯಾಂಡ್ ಫೋನಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯ ಯಾವ ಮಾದರಿ, ಕಳವಾಗಿದೆ ಎಂದು ಅದನ್ನು ನಿರ್ಬಂಧಿಸಲಾಗಿದೆಯೇ ಎನ್ನುವುದು ತಿಳಿಯುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೂ ಉತ್ತರ ಬರುತ್ತದೆ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದಾದ ಅಪರಾಧ.

ಬಿಲ್ಲನ್ನು ಕೇಳಿ ಪಡೆಯಬೇಕು. ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇ 18. ಬಿಲ್ ಬೇಡವೆಂದರೆ ಬೆಲೆ ತಗ್ಗಿಸುತ್ತೇವೆ ಎಂಬ ಮಾತಿಗೆ ಒಪ್ಪಿದರೆ ವಾರಂಟಿಯೂ ಹೋಗುತ್ತದೆ, ಕಳವಾದಾಗ ದೂರು ಕೊಡಲು ಆಧಾರವೂ ಇಲ್ಲವಾಗುತ್ತದೆ. ಕಳೆದುಹೋದ ಫೋನುಗಳನ್ನು ಐಎಂಇಐ ಮೂಲಕ ತಡೆಹಿಡಿದು ಪತ್ತೆ ಹಚ್ಚುವ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಲ್ಲಿ ದೇಶದಾದ್ಯಂತ ಜಾರಿಗೆ ಬಂತು. ಅದನ್ನು ಬಳಸಿ ಸಾವಿರಾರು ಫೋನುಗಳನ್ನು ಮಾಲೀಕರಿಗೆ ಮರಳಿಸಿದ ರಾಜ್ಯಗಳಲ್ಲಿ ತೆಲಂಗಾಣ ಮುಂಚೂಣಿಯಲ್ಲಿದೆ. ಆ ದೂರಿಗೆ ಬೇಕಾಗುವುದು ಐಎಂಇಐ ಸಂಖ್ಯೆ. ಬಿಲ್ಲಿನ ಮತ್ತು ಬಾಕ್ಸಿನ ಫೋಟೊ ತೆಗೆದು ಇಮೇಲಿನಲ್ಲಿ ಇಟ್ಟುಕೊಂಡವರಿಗೆ ಆ ಹೊತ್ತಿನಲ್ಲಿ ಹುಡುಕಾಟ ಇರುವುದಿಲ್ಲ.

ಮೊದಲ ನೋಟ ಎಲ್ಲಿಂದ ಬರುತ್ತದೆ

ಹೊಸ ಫೋನಿನ ಪರದೆ ನುಣುಪಾಗಿ ಸರಿಯುತ್ತದೆ ಎಂಬುದು ಬಹುತೇಕರ ಮೊದಲ ಅನಿಸಿಕೆ. ಅದಕ್ಕೆ ಕಾರಣ ರಿಫ್ರೆಶ್ ರೇಟ್. ಹಳೆಯ ಫೋನುಗಳ ಪರದೆ ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತಿತ್ತು. ಈಗಿನ ಮಧ್ಯಮ ಬೆಲೆಯ ಫೋನುಗಳೂ 120 ಸಲ ಬರೆಯುತ್ತವೆ. ಬೆರಳು ಸರಿದಂತೆ ಅಕ್ಷರಗಳೂ ತಡೆಯಿಲ್ಲದೆ ಸರಿಯುವುದರಿಂದ ಫೋನೇ ವೇಗವಾಗಿದೆ ಎನಿಸುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಇದಕ್ಕೆ ಒಗ್ಗಿಕೊಂಡು ವಿಶೇಷ ಎನಿಸುವುದು ನಿಲ್ಲುತ್ತದೆ. ಬ್ಯಾಟರಿ ಉಳಿಸಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಇದನ್ನು 60ಕ್ಕೆ ಇಳಿಸಿಕೊಳ್ಳಬಹುದು.

ವೇಗದ ಅನಿಸಿಕೆಗೆ ಇನ್ನೊಂದು ಕಾರಣ ಖಾಲಿ ಸ್ಟೋರೇಜ್. ಹಳೆಯ ಫೋನಿನಲ್ಲಿ ಜಾಗ ಭರ್ತಿಯಾಗಿ, ಹಿನ್ನೆಲೆಯಲ್ಲಿ ಹತ್ತಾರು ಆ್ಯಪ್‌ಗಳು ಓಡುತ್ತಿರುತ್ತವೆ. ಹೊಸದರಲ್ಲಿ ಅಂಥ ಹೊರೆ ಇನ್ನೂ ಸೇರಿರುವುದಿಲ್ಲ. ಹಳೆಯದರ ಎಲ್ಲ ಆ್ಯಪ್, ಫೋಟೊ, ಚಾಟ್ ಸೇರಿದ ಮೇಲೂ ಅದೇ ವೇಗ ಉಳಿದರೆ ಮಾತ್ರ ಫೋನು ವೇಗದ್ದು ಎನ್ನಬಹುದು.

ಕ್ಯಾಮೆರಾದ ವಿಷಯದಲ್ಲಿ ಜಾಹೀರಾತಿನ ಅಂಕಿ ದಾರಿ ತಪ್ಪಿಸುತ್ತದೆ. 50 ಮೆಗಾಪಿಕ್ಸೆಲ್ ಎಂದು ಬರೆದ ಫೋನು ಸಾಮಾನ್ಯವಾಗಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಇದರಿಂದ ಮಂದ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಕಡತವೂ ಚಿಕ್ಕದಾಗುತ್ತದೆ. ಚಿತ್ರದ ಗುಣ ಲೆನ್ಸ್, ಸೆನ್ಸರಿನ ಗಾತ್ರ ಮತ್ತು ಸಾಫ್ಟ್‌ವೇರನ್ನು ಅವಲಂಬಿಸಿದೆ. ಅಂಗಡಿಯ ಝಗಮಗಿಸುವ ಬೆಳಕಿನಲ್ಲಿ ಯಾವ ಫೋನಿನ ಫೋಟೊವೂ ಚೆಂದವೇ. ಮನೆಯ ಟ್ಯೂಬ್‌ಲೈಟಿನಲ್ಲಿ ಓಡಾಡುವ ಮಗುವಿನ ಫೋಟೊ ತೆಗೆದು ನೋಡಿದರೆ ಸತ್ಯ ತಿಳಿಯುತ್ತದೆ. ಮಸುಕಿಲ್ಲದೆ, ಚರ್ಮದ ಬಣ್ಣ ಅಸಹಜವಾಗಿ ಬಿಳಿಚಿಕೊಳ್ಳದೆ ಚಿತ್ರ ಬಂದರೆ ಕ್ಯಾಮೆರಾ ಒಳ್ಳೆಯದು.

ಬ್ಯಾಟರಿಯ ಬಗ್ಗೆ ಮೊದಲ ಎರಡು ಮೂರು ದಿನ ಯಾವ ತೀರ್ಮಾನವನ್ನೂ ಮಾಡಬಾರದು. ಹೊಸ ಫೋನು ಆರಂಭದಲ್ಲಿ ನೂರಾರು ಆ್ಯಪ್ ಇಳಿಸಿಕೊಳ್ಳುತ್ತದೆ, ಸಾವಿರಾರು ಫೋಟೊಗಳಲ್ಲಿ ಮುಖಗಳನ್ನು ಗುರುತಿಸಿ ವಿಂಗಡಿಸುತ್ತದೆ, ಅಪ್‌ಡೇಟ್ ಹಾಕಿಕೊಳ್ಳುತ್ತದೆ. ಹೀಗಾಗಿ ಫೋನು ಬಿಸಿಯಾಗುತ್ತದೆ, ಚಾರ್ಜು ಬೇಗ ಇಳಿಯುತ್ತದೆ. ವಾರ ಕಳೆದ ಮೇಲಿನ ಲೆಕ್ಕವೇ ನಿಜವಾದ ಲೆಕ್ಕ.

ಸಾಗಣೆ: ಏನು ಬರುತ್ತದೆ, ಏನು ಬರುವುದಿಲ್ಲ

ಒಂದು ಆಂಡ್ರಾಯ್ಡ್ ಫೋನಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡನ್ನೂ ಕೇಬಲ್‌ನಿಂದ ಜೋಡಿಸುವುದು ಎಲ್ಲಕ್ಕಿಂತ ಭರವಸೆಯ ದಾರಿ. ವೈಫೈ ಮೂಲಕವೂ ಆಗುತ್ತದೆ, ಆದರೆ ಫೋಟೊ ವಿಡಿಯೊ ಹೆಚ್ಚಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಐಫೋನಿನಿಂದ ಐಫೋನಿಗೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಸಾಗಣೆ ಶುರುವಾಗುತ್ತದೆ. ಆಂಡ್ರಾಯ್ಡಿನಿಂದ ಐಫೋನಿಗೆ ಹೋಗುವವರಿಗೆ ಆ್ಯಪಲ್‌ನ ಮೂವ್ ಟು ಐಒಎಸ್ ಎಂಬ ಆ್ಯಪ್ ಇದೆ. ಇದನ್ನು ಹೊಸ ಐಫೋನನ್ನು ಮೊದಲ ಸಲ ಸಜ್ಜು ಮಾಡುವಾಗಲೇ ಬಳಸಬೇಕು.

ಸಂಪರ್ಕ ಸಂಖ್ಯೆಗಳು, ಫೋಟೊ, ಎಸ್‌ಎಂಎಸ್, ಕ್ಯಾಲೆಂಡರ್ ಬಹುಮಟ್ಟಿಗೆ ತಾವಾಗಿ ಬರುತ್ತವೆ. ಹಿರಿಯರ ಫೋನಿನಲ್ಲಿ ಮಾತ್ರ ಒಂದು ತೊಡಕು ಕಾಣುತ್ತದೆ. ಅವರ ನಂಬರುಗಳು ಇನ್ನೂ ಸಿಮ್ ಕಾರ್ಡಿನಲ್ಲೇ ಇರುತ್ತವೆ. ಹೊಸದಾಗಿ, ಕಾರ್ಡಿಲ್ಲದ ಇ-ಸಿಮ್‌ಗೆ ಬದಲಾದರೆ ಆ ನಂಬರುಗಳು ಹೊಸ ಫೋನಿಗೆ ಬರುವುದಿಲ್ಲ. ಅದಕ್ಕೆ ಮುಂಚೆಯೇ ಅವನ್ನು ಗೂಗಲ್ ಖಾತೆಗೆ ಏರಿಸಿಡಬೇಕು.

ವಾಟ್ಸ್‌ಆ್ಯಪ್‌ಗೆ ಪ್ರತ್ಯೇಕ ವ್ಯವಸ್ಥೆ ಇದೆ. 2023ರ ಮಧ್ಯದಿಂದ ಒಂದೇ ಬಗೆಯ ಎರಡು ಫೋನುಗಳ ನಡುವೆ ಕ್ಯೂಆರ್ ಕೋಡ್ ತೋರಿಸಿ ಚಾಟ್‌ಗಳನ್ನು ನೇರವಾಗಿ ವರ್ಗಾಯಿಸಬಹುದು. ಗೂಗಲ್ ಡ್ರೈವ್‌ನ ಬ್ಯಾಕಪ್ ಮೂಲಕ ತರುವ ಹಳೆಯ ದಾರಿಯೂ ಇದೆ. ಆದರೆ 2024ರಿಂದ ಈ ಬ್ಯಾಕಪ್ ಗೂಗಲ್‌ನ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಸೇರುತ್ತಿದೆ. ಜಾಗ ತುಂಬಿದ್ದರೆ ಬ್ಯಾಕಪ್ ತಿಂಗಳುಗಳಿಂದ ನಿಂತಿರುವುದು ಗೊತ್ತೇ ಆಗುವುದಿಲ್ಲ. ಕೊನೆಯ ಬ್ಯಾಕಪ್ ಯಾವ ದಿನದ್ದು ಎಂದು ನೋಡಿಕೊಂಡೇ ಹೊಸ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆಯಬೇಕು.

ತಾವಾಗಿ ಬಾರದ ವಸ್ತುಗಳ ಪಟ್ಟಿಯೂ ಇದೆ. ಬ್ಯಾಂಕ್ ಆ್ಯಪ್‌ಗಳ ಲಾಗಿನ್, ಯುಪಿಐ ನೋಂದಣಿ, ಕಚೇರಿಯ ಪ್ರವೇಶಕ್ಕೆ ಸಂಕೇತ ಕೊಡುವ ಆಥೆಂಟಿಕೇಟರ್ ಆ್ಯಪ್‌ಗಳು, ಕೆಲವು ಆ್ಯಪ್‌ಗಳೊಳಗೆ ಮಾತ್ರ ಉಳಿಸಿಕೊಂಡ ಕಡತಗಳು ಇವುಗಳಲ್ಲಿ ಮುಖ್ಯವಾದವು. ಕೊನೆಯದನ್ನು ಮರೆತು ಹಳೆಯ ಫೋನನ್ನು ಅಳಿಸಿಬಿಟ್ಟರೆ ಮರಳಿ ಪಡೆಯಲಾಗದು. ಆಥೆಂಟಿಕೇಟರ್ ಸಂಕೇತಗಳು ಹೋದರೆ ಕಚೇರಿಯ ಖಾತೆಗೆ ಹೋಗುವ ದಾರಿಯೇ ಮುಚ್ಚುತ್ತದೆ. ಹಳೆಯ ಫೋನು ಕೆಲಸ ಮಾಡುತ್ತಿರುವಾಗಲೇ ಅವುಗಳನ್ನು ಹೊಸದಕ್ಕೆ ಸಾಗಿಸಬೇಕು.

ಸಿಮ್, ಯುಪಿಐ ಮತ್ತು ಮೊದಲ 24 ಗಂಟೆ

ಯುಪಿಐ ಹೊಸ ಫೋನಿನಲ್ಲಿ ಕೂಡಲೇ ಪೂರ್ತಿ ಕೆಲಸ ಮಾಡದಿರುವುದು ದೋಷವಲ್ಲ, ರಕ್ಷಣೆ. ಆ್ಯಪ್ ಹಾಕಿದಾಗ ಅದು ಬ್ಯಾಂಕಿಗೆ ನೀಡಿದ ನಂಬರಿನ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸುತ್ತದೆ. ಆ ಸಿಮ್ ಈ ಫೋನಿನೊಳಗೇ ಇದೆ ಎಂದು ಅದರಿಂದ ಖಾತ್ರಿಯಾದ ಮೇಲೆ ಖಾತೆ ಆ ಫೋನಿಗೆ ಹೊಂದಿಕೊಳ್ಳುತ್ತದೆ. ಫೋನು ಬದಲಾದರೆ ಈ ಹೊಂದಾಣಿಕೆ ಹೊಸದಾಗಿ ಆಗಬೇಕು. ನಂತರದ 24 ಗಂಟೆ ಕಳಿಸಬಹುದಾದ ಮೊತ್ತ 5,000 ರೂಪಾಯಿಗೆ ಸೀಮಿತ. ಕೆಲವು ಬ್ಯಾಂಕುಗಳು ಐಫೋನಿಗೆ 72 ಗಂಟೆ ನಿಗದಿ ಮಾಡಿವೆ. ಯಾರೋ ಕದ್ದ ವಿವರಗಳಿಂದ ಇನ್ನೊಂದು ಫೋನಿನಲ್ಲಿ ಖಾತೆ ತೆರೆದರೂ ಒಂದೇ ಏಟಿಗೆ ಹಣವೆಲ್ಲ ಹೋಗದಿರಲೆಂದು ಈ ಮಿತಿ.

ಸಿಮ್ ಬದಲಾವಣೆಗೂ ಇಂಥದೇ ನಿಯಮವಿದೆ. ಸಾದಾ ಸಿಮ್‌ನಿಂದ ಇ-ಸಿಮ್‌ಗೆ ಹೋದಾಗ ಅಥವಾ ಹೊಸ ಸಿಮ್ ಪಡೆದಾಗ ಮೊದಲ 24 ಗಂಟೆ ಎಸ್‌ಎಂಎಸ್ ಸೌಲಭ್ಯ ನಿಂತಿರುತ್ತದೆ. ಒಟಿಪಿ ಬರುವುದಿಲ್ಲ, ಯುಪಿಐ ನೋಂದಣಿಯ ಸಂದೇಶವೂ ಹೋಗುವುದಿಲ್ಲ. 2024ರ ಜುಲೈ 1ರಿಂದ ಹೊಸ ಸಿಮ್ ಪಡೆದ ಏಳು ದಿನ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲೂ ಆಗದು. ಹೀಗಾಗಿ ಫೋನು ಮತ್ತು ಸಿಮ್ ಎರಡನ್ನೂ ಒಂದೇ ದಿನ ಬದಲಾಯಿಸಿದವರ ಕೈ ಎರಡು ದಿನ ಕಟ್ಟಿದಂತಾಗುತ್ತದೆ. ಮನೆ ಬಾಡಿಗೆ, ಶಾಲೆಯ ಶುಲ್ಕ, ಆಸ್ಪತ್ರೆಯ ಕೆಲಸ ಇರುವ ವಾರದಲ್ಲಿ ಇದಕ್ಕೆ ಕೈ ಹಾಕಬಾರದು. ಸ್ವಲ್ಪ ನಗದು ಮತ್ತು ಎಟಿಎಂ ಕಾರ್ಡು ಜೊತೆಗಿರಬೇಕು.

ಕರ್ನಾಟಕದ ನಂಬರನ್ನೇ ಇಟ್ಟುಕೊಂಡವರು ಇನ್ನೊಂದನ್ನು ಗಮನಿಸಬೇಕು. ಎಸ್‌ಎಂಎಸ್ ಕಳಿಸುವ ಸೌಲಭ್ಯ ಇಲ್ಲದ ಅಗ್ಗದ ರೀಚಾರ್ಜ್ ಮಾಡಿಸಿದ್ದರೆ, ನಂಬರು ಚಾಲ್ತಿಯಲ್ಲಿದ್ದರೂ ಯುಪಿಐ ನೋಂದಣಿ ಪೂರ್ಣವಾಗುವುದಿಲ್ಲ. ಆ ದಿನದ ಮಟ್ಟಿಗೆ ಎಸ್‌ಎಂಎಸ್ ಸೇರಿದ ಪ್ಯಾಕ್ ಹಾಕಿಸಬೇಕು. ನಂಬರು ಉಳಿಸಿಕೊಂಡೇ ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ಕಂಪನಿಗೆ ಹೋಗಲು 2015ರ ಜುಲೈ 3ರಿಂದ ಅವಕಾಶವಿದೆ.

ಈ ದಿನಗಳಲ್ಲಿ ಬರುವ ಕರೆಗಳ ಬಗ್ಗೆ ಎಚ್ಚರ ಅಗತ್ಯ. ಇ-ಸಿಮ್ ಚಾಲೂ ಮಾಡಿಕೊಡುತ್ತೇವೆ, ಕೆವೈಸಿ ಮುಗಿದಿದೆ ಎಂದು ಹೇಳಿ ಕ್ಯೂಆರ್ ಕೋಡ್ ಅಥವಾ ಒಟಿಪಿ ಕೇಳುವವರು ವಂಚಕರು. ಫೋನಿನ ಸಿಗ್ನಲ್ ಕಾರಣವಿಲ್ಲದೆ ಏಕಾಏಕಿ ಹೋದರೆ ಕೂಡಲೇ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ಹಣ ಹೋದದ್ದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಕರೆ ಹೋಗುತ್ತದೋ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

5ಜಿ

2021ರ ಜನವರಿಯಲ್ಲಿ ಏರ್‌ಟೆಲ್ ತನ್ನ ವಾಣಿಜ್ಯ ಜಾಲದ ಮೇಲೆ 5ಜಿ ಪ್ರಾತ್ಯಕ್ಷಿಕೆ ನಡೆಸಿದ್ದು ಹೈದರಾಬಾದಿನಲ್ಲಿ. 2022ರ ಅಕ್ಟೋಬರ್‌ನಲ್ಲಿ ಏರ್‌ಟೆಲ್ 5ಜಿ ಆರಂಭಿಸಿದ ಎಂಟು ನಗರಗಳಲ್ಲಿ ಬೆಂಗಳೂರಿನೊಂದಿಗೆ ಹೈದರಾಬಾದೂ ಇತ್ತು. ನವೆಂಬರ್‌ನಲ್ಲಿ ಜಿಯೊ ಕೂಡ ಈ ಎರಡೂ ನಗರಗಳಿಗೆ ಬಂತು. ಜಿಯೊ 4ಜಿಯ ಆಸರೆ ಇಲ್ಲದ ಪ್ರತ್ಯೇಕ 5ಜಿ ಜಾಲ ಕಟ್ಟಿತು, ಏರ್‌ಟೆಲ್ 4ಜಿ ಜಾಲದ ಮೇಲೆ ಆರಂಭಿಸಿತು. ಹಾಗಾಗಿ ಫೋನಿನ ಮೇಲೆ 5ಜಿ ಎಂದು ಬರೆದಿದ್ದರೆ ಸಾಲದು, ಅದು ಎರಡೂ ಬಗೆಯ ಜಾಲಕ್ಕೆ ಒಗ್ಗಬೇಕು. ಎನ್78 ಬ್ಯಾಂಡ್ ಎಲ್ಲರಿಗೂ ಬೇಕು. ಜಿಯೊ ಬಳಸುವವರಿಗೆ ಗೋಡೆಗಳೊಳಗೂ ದೂರದವರೆಗೂ ತಲುಪುವ ಎನ್28 ಕೂಡ ಬೇಕು. ವಿದೇಶದಿಂದ ಬಂಧುಗಳು ತಂದುಕೊಟ್ಟ ಫೋನಿನಲ್ಲಿ ಇವೆರಡೂ ಇವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸಿಗ್ನಲ್ ತೆಳುವಾಗಿರುವ ಕಡೆ 5ಜಿಗಾಗಿ ಹುಡುಕಾಡುತ್ತ ಫೋನು ಬ್ಯಾಟರಿ ಸುಡುತ್ತದೆ. ಅಂಥ ಜಾಗದಲ್ಲಿ 4ಜಿಗೆ ಇಳಿಸಿಕೊಂಡರೆ ನಷ್ಟವೇನಿಲ್ಲ.

ಕನ್ನಡವನ್ನು ನೆಲೆಗೊಳಿಸುವುದು

ಹೊಸ ಫೋನಿನಲ್ಲಿ ಕನ್ನಡ ಕಾಣುವುದಕ್ಕೆ ಈಗ ಯಾರೂ ಕಷ್ಟಪಡಬೇಕಾಗಿಲ್ಲ. ಇದು ತಾನಾಗಿ ಆದದ್ದಲ್ಲ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಆಂಡ್ರಾಯ್ಡ್ ಕನ್ನಡ ಅಕ್ಷರಗಳನ್ನು ತೋರಿಸಲು ಕಲಿತದ್ದು 2012ರಲ್ಲಿ ಬಂದ ಜೆಲ್ಲಿ ಬೀನ್ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಕನ್ನಡದ ಸಂದೇಶ ಬಂದರೆ ಸಾಲಾಗಿ ಚೌಕಗಳು ಕಾಣುತ್ತಿದ್ದವು. ದೇಶದಲ್ಲಿ ಮಾರುವ ಫೋನುಗಳಲ್ಲಿ 22 ಭಾಷೆಗಳನ್ನು ಓದುವ ಸೌಲಭ್ಯ ಇರಬೇಕು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದಾದರೂ ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು ಎಂಬ ಭಾರತೀಯ ಮಾನಕ ಬ್ಯೂರೊದ ಮಾನದಂಡವನ್ನು ಕೇಂದ್ರ ಸರ್ಕಾರ 2016ರಲ್ಲಿ ಕಡ್ಡಾಯ ಮಾಡಿ ಆದೇಶಿಸಿತು.

ಓದಲು ಬರುವುದು ಬೇರೆ, ಬರೆಯಲು ಸಲೀಸಾಗುವುದು ಬೇರೆ. ಗೂಗಲ್‌ನ ಜಿಬೋರ್ಡ್‌ನಲ್ಲಿ ಕನ್ನಡಕ್ಕೆ ಹಲವು ದಾರಿಗಳಿವೆ: ಕನ್ನಡ ಅಕ್ಷರಗಳ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಲಿಪ್ಯಂತರ, ಬೆರಳಿನಿಂದ ಪರದೆಯ ಮೇಲೆ ಬರೆಯುವ ಕೈಬರಹ, ಮತ್ತು ಧ್ವನಿ. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದವರು ಅದೇ ವಿನ್ಯಾಸದ ಪ್ರತ್ಯೇಕ ಆ್ಯಪ್ ಹಾಕಿಕೊಳ್ಳಬಹುದು. ಹೊಸ ಫೋನಿನಲ್ಲಿ ಟೈಪಿಂಗ್ ಮೊದಲಿಗೆ ನಿಧಾನ ಎನಿಸುತ್ತದೆ. ಹಳೆಯ ಕೀಲಿಮಣೆ ಮನೆಯವರ ಹೆಸರು, ಊರಿನ ಹೆಸರು, ಆಡುಮಾತಿನ ರೂಪಗಳನ್ನು ಕಲಿತಿತ್ತು. ಕಲಿತ ಪದಗಳನ್ನು ಗೂಗಲ್ ಖಾತೆಗೆ ಹೊಂದಿಸಿರದಿದ್ದರೆ ಹೊಸದು ಅವನ್ನು ಮೊದಲಿನಿಂದ ಕಲಿಯಬೇಕು. ನಾಲ್ಕೈದು ದಿನ ಬರೆದರೆ ಸಲಹೆಗಳು ಸರಿಹೋಗುತ್ತವೆ.

ಕೀಲಿಮಣೆಯ ಗುಣವನ್ನು ಒಂದೇ ನಿಮಿಷದಲ್ಲಿ ಪರೀಕ್ಷಿಸಬಹುದು. ಕ, ಅರ್ಧಾಕ್ಷರದ ಚಿಹ್ನೆ, ಷ ಮೂರನ್ನೂ ಒತ್ತಿದರೆ ಕ್ಷ ಮೂಡಬೇಕು. ಸೂರ್ಯ ಎಂದು ಬರೆದರೆ ಅರ್ಕಾವತ್ತು ತನ್ನ ಜಾಗದಲ್ಲಿ ಬರಬೇಕು. ರ‍್ಯಾಂಕ್ ಎಂಬುದರಲ್ಲಿ ರಕಾರ ಪೂರ್ತಿಯಾಗಿ ಉಳಿದು ಯಕಾರ ಒತ್ತಾಗಬೇಕು. ಫೋನ್‌ಗೆ ಎಂದು ಬರೆಯುವಾಗ ನಕಾರದ ಕೆಳಗೆ ಗಕಾರ ಒತ್ತಾಗಿ ಸೇರಿಕೊಳ್ಳದೆ ಬಿಡಿಯಾಗಿ ನಿಲ್ಲಬೇಕು. ಈ ನಾಲ್ಕೂ ಸರಿಯಾಗಿ ಬಂದರೆ ಆ ಕೀಲಿಮಣೆಯಲ್ಲಿ ಪತ್ರವನ್ನೂ ಬರೆಯಬಹುದು, ಲೇಖನವನ್ನೂ ಬರೆಯಬಹುದು.

ಹೈದರಾಬಾದಿನಲ್ಲಿ ಕನ್ನಡ ಮತ್ತು ತೆಲುಗು ಕೀಲಿಮಣೆಗಳನ್ನು ಒಟ್ಟಿಗೆ ಇಟ್ಟುಕೊಳ್ಳುವವರಿಗೆ ಒಂದು ವಿಶೇಷ ತೊಡಕು ಎದುರಾಗುತ್ತದೆ. ಎರಡೂ ಲಿಪಿಗಳಲ್ಲಿ ಗ, ರ ಮುಂತಾದ ಅಕ್ಷರಗಳು ನೋಡಲು ಹೆಚ್ಚು ಕಡಿಮೆ ಒಂದೇ. ಆದರೆ ಯೂನಿಕೋಡ್‌ನಲ್ಲಿ ಅವುಗಳ ಸಂಕೇತಗಳು ಬೇರೆ ಬೇರೆ. ತೆಲುಗು ಕೀಲಿಮಣೆಯಲ್ಲಿ ಉಳಿಸಿದ ಹೆಸರನ್ನು ಕನ್ನಡ ಕೀಲಿಮಣೆಯಲ್ಲಿ ಹುಡುಕಿದರೆ ಕಣ್ಣಿಗೆ ಒಂದೇ ಎನಿಸಿದರೂ ಫೋನು ಇಲ್ಲ ಎನ್ನುತ್ತದೆ. ಸ್ಪೇಸ್ ಬಾರ್ ಮೇಲೆ ಭಾಷೆಯ ಹೆಸರು ಕಾಣುತ್ತದೆ, ಬರೆಯುವ ಮುಂಚೆ ಅದನ್ನೊಮ್ಮೆ ನೋಡುವುದು ರೂಢಿಯಾಗಬೇಕು. ಸಂಪರ್ಕ ಪಟ್ಟಿಯನ್ನು ಯಾವುದಾದರೂ ಒಂದೇ ಲಿಪಿಯಲ್ಲಿ ಇಟ್ಟುಕೊಂಡರೆ ಈ ತೊಂದರೆ ಬಾರದು. ಭಾರತೀಯ ಭಾಷೆಗಳ ನಡುವಿನ ಯಂತ್ರಾನುವಾದದಲ್ಲಿ ಇದೇ ನಗರದ ಐಐಐಟಿಯ ಭಾಷಾ ತಂತ್ರಜ್ಞಾನ ಕೇಂದ್ರ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿದೆ. ಇಂಥ ಸಂಶೋಧನೆಗಳ ಫಲ ಇಂದು ಫೋನಿನ ಅನುವಾದ ಮತ್ತು ಧ್ವನಿ ಸೌಲಭ್ಯಗಳಲ್ಲಿ ಜನಸಾಮಾನ್ಯರನ್ನು ತಲುಪುತ್ತಿದೆ.

ಮನೆಯಲ್ಲಿ ಹೊಸ ಫೋನು ಬಂದರೆ ಹಳೆಯದು ಅನೇಕ ಸಲ ಊರಲ್ಲಿರುವ ಅಪ್ಪ ಅಮ್ಮನಿಗೆ ಹೋಗುತ್ತದೆ. ಅವರಿಗೆ ಕೊಡುವಾಗ ಇಡೀ ಫೋನನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರ ಹೆಚ್ಚಿಸಿ, ಬೇಡದ ಆ್ಯಪ್ ತೆಗೆದು, ಮಕ್ಕಳ ನಂಬರುಗಳನ್ನು ಮುಖಪುಟದಲ್ಲಿ ಫೋಟೊ ಸಮೇತ ಇಟ್ಟು ಕೊಡಬೇಕು. ತುರ್ತು ಕರೆಯ 112 ಹೇಗೆ ಒತ್ತುವುದೆಂದು ಪಕ್ಕದಲ್ಲಿ ಕುಳಿತು ತೋರಿಸಬೇಕು. ಅವರ ಮಟ್ಟಿಗೆ ಅದೇ ಹೊಸ ಫೋನು.

ಬಿಸಿಲು, ಮಳೆ ಮತ್ತು ಬ್ಯಾಟರಿ

ಏಪ್ರಿಲ್, ಮೇ ತಿಂಗಳಲ್ಲಿ ಹೈದರಾಬಾದಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಆ್ಯಪಲ್ ತನ್ನ ಐಫೋನನ್ನು 0ಯಿಂದ 35 ಡಿಗ್ರಿಯ ವಾತಾವರಣದಲ್ಲಿ ಬಳಸಬೇಕೆಂದು ಹೇಳುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ಪೂರ್ತಿ ಚಾರ್ಜ್ ಆಗಿ ಬಿಸಿಯಲ್ಲಿ ಬಿದ್ದಿರುವ ಬ್ಯಾಟರಿ ಬೇಗ ಸವೆಯುತ್ತದೆ. ಮಧ್ಯಾಹ್ನ ಬೈಕಿನ ಹ್ಯಾಂಡಲ್ ಮೇಲೆ ಮ್ಯಾಪ್ ತೆರೆದು ಓಡುವಾಗ, ಕಾರಿನ ಗಾಜಿನ ಬಳಿ ಚಾರ್ಜಿಗೆ ಹಾಕಿದಾಗ ಪರದೆ ತಾನಾಗಿ ಮಂಕಾಗುವುದು, ಚಾರ್ಜಿಂಗ್ ನಿಧಾನವಾಗುವುದು ಕೆಟ್ಟಿರುವ ಲಕ್ಷಣವಲ್ಲ. ಫೋನು ತನ್ನನ್ನು ಕಾಪಾಡಿಕೊಳ್ಳುತ್ತಿರುತ್ತದೆ. ಹೊಸ ಫೋನುಗಳಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇರುತ್ತದೆ. ಫೋನನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳಬೇಕೆನ್ನುವವರು ಮೊದಲ ದಿನವೇ ಅದನ್ನು ಹಾಕಿಕೊಳ್ಳಬೇಕು. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಮಾರುವ ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಕೊಳ್ಳುವಾಗ ಬ್ಯಾಟರಿಯ ಬಾಳಿಕೆ ಕೇಳಲು ಇದು ಒಳ್ಳೆಯ ಅಳತೆಗೋಲು.

ಮಳೆಗಾಲದಲ್ಲಿ, ನೀರಿನಿಂದ ರಕ್ಷಣೆ ಇದೆ ಎಂದು ಸೂಚಿಸುವ ಐಪಿ68 ಎಂಬ ಗುರುತು ಧೈರ್ಯ ಕೊಡುತ್ತದೆ. ಆದರೆ ಅದು ಪ್ರಯೋಗಾಲಯದಲ್ಲಿ ಶುದ್ಧ ನೀರಿನಲ್ಲಿ ಮಾಡಿದ ಪರೀಕ್ಷೆಯ ಫಲ. ಫೋನು ಒಮ್ಮೆ ಕೆಳಗೆ ಬಿದ್ದರೆ ಅಥವಾ ಬಿಚ್ಚಿ ರಿಪೇರಿ ಮಾಡಿಸಿದರೆ ಆ ರಕ್ಷಣೆ ಉಳಿದಿದೆ ಎಂಬ ಖಾತ್ರಿ ಇಲ್ಲ. ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಹಳೆಯ ಫೋನಿನ ವಿದಾಯ

ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು ಎಕ್ಸ್‌ಚೇಂಜ್ ಪಡೆಯುವುದು ಲಾಭದಂತೆ ತೋರುತ್ತದೆ. ಆದರೆ ಆತುರದಲ್ಲಿ ಏನಾದರೂ ಉಳಿದರೆ ಅದು ಎಂದೆಂದಿಗೂ ಹೋಗುತ್ತದೆ. ಎರಡು ವಾರ ಹಳೆಯದನ್ನು ಮನೆಯಲ್ಲೇ ಇಟ್ಟುಕೊಂಡು, ಆ ಅವಧಿಯಲ್ಲಿ ಅದನ್ನು ಹುಡುಕಬೇಕಾದ ಸಂದರ್ಭ ಬಾರದಿದ್ದರೆ ಮಾತ್ರ ಕೈಬಿಡಬೇಕು. ಕೊಡುವ ಮುಂಚೆ ಕ್ರಮ ಹೀಗಿರಲಿ: ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಿಂದ ಹೊರಬರುವುದು, ಗೂಗಲ್ ಅಥವಾ ಆ್ಯಪಲ್ ಖಾತೆಯನ್ನು ತೆಗೆಯುವುದು, ಇ-ಸಿಮ್ ಅಳಿಸುವುದು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯುವುದು, ಕೊನೆಗೆ ಫ್ಯಾಕ್ಟರಿ ರೀಸೆಟ್. ಖಾತೆ ತೆಗೆಯದೆ ಬಟನ್‌ಗಳನ್ನು ಒತ್ತಿ ರೀಸೆಟ್ ಮಾಡಿದರೆ ಕಳವು ತಡೆಯುವ ಬೀಗ ಬೀಳುತ್ತದೆ, ಮುಂದಿನವರು ಹಳೆಯ ಮಾಲೀಕರ ಪಾಸ್‌ವರ್ಡ್ ಇಲ್ಲದೆ ಫೋನು ತೆರೆಯಲಾರರು.

ಮಾರಲು ಬಾರದಷ್ಟು ಹಳೆಯದಾದ ಫೋನನ್ನು ಕಸದ ಬುಟ್ಟಿಗೆ ಹಾಕಬಾರದು. ಅದರೊಳಗೆ ತಾಮ್ರ, ಕೋಬಾಲ್ಟ್, ಅತ್ಯಲ್ಪ ಪ್ರಮಾಣದಲ್ಲಿ ಚಿನ್ನವೂ ಇರುತ್ತದೆ. ಕಸದಲ್ಲಿ ಜಜ್ಜಿದ ಬ್ಯಾಟರಿ ಬೆಂಕಿ ಹಚ್ಚಬಲ್ಲದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಫೋನ್ ತಯಾರಕರು ತಮ್ಮ ಉತ್ಪನ್ನಗಳ ಮರುಬಳಕೆಗೆ ಹೊಣೆಗಾರರು. ಹೈದರಾಬಾದಿನ ಚೆರ್ಲಪಲ್ಲಿಯಲ್ಲಿರುವ ಕೇಂದ್ರ ಸರ್ಕಾರದ ಸಿ-ಮೆಟ್ ಸಂಸ್ಥೆ ಸರ್ಕ್ಯೂಟ್ ಬೋರ್ಡ್‌ಗಳಿಂದ ಬೆಲೆಬಾಳುವ ಲೋಹಗಳನ್ನು ಸುರಕ್ಷಿತವಾಗಿ ಬೇರ್ಪಡಿಸುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ. ಕಂಪನಿಯ ಸರ್ವಿಸ್ ಸೆಂಟರ್ ಅಥವಾ ಪರವಾನಗಿ ಪಡೆದ ಸಂಗ್ರಹಕಾರರಿಗೆ ಫೋನನ್ನು ಒಪ್ಪಿಸಿದರೆ ಅದು ಇಂಥ ಸುರಕ್ಷಿತ ದಾರಿ ಹಿಡಿಯುತ್ತದೆ.

ತೀರ್ಪು ಯಾವಾಗ

ಹದಿನೈದನೆಯ ದಿನ ಕೆಲವು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಬೆಳಿಗ್ಗೆ ತೆಗೆದ ಫೋನು ರಾತ್ರಿಯವರೆಗೆ ಚಾರ್ಜ್ ಉಳಿಸಿಕೊಳ್ಳುತ್ತದೆಯೇ? ಮನೆಯ ಒಳಕೋಣೆಯಲ್ಲಿ ಕರೆ ಕಡಿಯದೆ ಸ್ಪಷ್ಟವಾಗಿ ಕೇಳುತ್ತದೆಯೇ? ಹಣ ಕಳಿಸುವುದು, ಪಡೆಯುವುದು ತೊಡಕಿಲ್ಲದೆ ನಡೆಯುತ್ತಿದೆಯೇ? ಕನ್ನಡದಲ್ಲಿ ತಡವರಿಸದೆ ಬರೆಯಲು ಬರುತ್ತಿದೆಯೇ? ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ಕಂಪನಿ ಬರವಣಿಗೆಯಲ್ಲಿ ಹೇಳಿದೆಯೇ? ಇವಕ್ಕೆಲ್ಲ ಹೌದು ಎಂಬ ಉತ್ತರ ಬಂದರೆ ಕೊಟ್ಟ ಬೆಲೆ ಸಾರ್ಥಕ. ಪರದೆಯ ಹೊಳಪು, ಹಿಂಬದಿಯ ಬಣ್ಣ, ಕ್ಯಾಮೆರಾದ ಅಂಕಿ ಇವೆಲ್ಲ ಅದರ ನಂತರದ ಮಾತು. ಹೊಸ ಫೋನು ಕೊಳ್ಳುವವರು ಹಣದ ಜೊತೆಗೆ ಎರಡು ವಾರದ ತಾಳ್ಮೆಯನ್ನೂ ತೆಗೆದಿಡಬೇಕು, ಅಲ್ಲಿಯವರೆಗೆ ಹಳೆಯ ಫೋನನ್ನು ಯಾರಿಗೂ ಕೊಡಬಾರದು.